ಸೊಪ್ಪು ಕೊಡುವವರೆಲ್ಲ ಪ್ರಕೃತಿ ಚಿಕಿತ್ಸಕರೇ?

ಮಲೆನಾಡಿನಲ್ಲಿ ಮದ್ದು ಎಂದಾಗ ಮೊದಲು ನೆನಪಾಗುವುದು ಮನೆಯ ಹಿತ್ತಲು. ಮಗುವಿಗೆ ಶೀತವಾದರೆ ದೊಡ್ಡಪತ್ರೆ, ಹೊಟ್ಟೆ ಉಬ್ಬರಿಸಿದರೆ ಓಮ, ಗಂಟಲು ಕೆರೆದರೆ ಕಾಳುಮೆಣಸಿನ ಕಷಾಯ, ದೇಹಕ್ಕೆ ಉಷ್ಣವಾದರೆ ಒಂದೆಲಗದ ತಂಬುಳಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಮನೆಗೆ ಹೋದರೂ, ಅದು ಯಾವ ಜಾತಿ, ಧರ್ಮದವರ ಮನೆಯೇ ಆಗಿರಲಿ, ಇಂತಹ ಹತ್ತಾರು ಮದ್ದುಗಳನ್ನು ಬಲ್ಲ ಹಿರಿಯ ಹೆಂಗಸೊಬ್ಬರು ಸಿಗುತ್ತಾರೆ. ಸಣ್ಣಪುಟ್ಟ ತೊಂದರೆಗಳಿಗೆ ಈ ಅರಿವು ನಮಗೆ ಸಿಕ್ಕಿರುವ ದೊಡ್ಡ ಆಸ್ತಿ ಎಂಬುದರಲ್ಲಿ ಸಂದೇಹವಿಲ್ಲ.

ಬ್ಯಾಕೋಡು, ತುಮರಿ ಭಾಗದ ಜನರಿಗಂತೂ ಇದು ಅಭ್ಯಾಸದ ಜೊತೆಗೆ ಅನಿವಾರ್ಯವೂ ಆಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ ಸಾಗರ ಪೇಟೆಗೂ ಈ ಊರುಗಳಿಗೂ ನಡುವೆ ನೀರು ನಿಂತಿತು. ಲಾಂಚ್ ಇರುವ ಹೊತ್ತಿನಲ್ಲಿ ಲಾಂಚ್, ಅದು ನಿಂತ ಮೇಲೆ ಕಾರ್ಗಲ್ ಕಡೆಯಿಂದ ಸುತ್ತು ಬಳಸುವ ದಾರಿ. ರಾತ್ರಿ ಕಾಯಿಲೆ ಹೆಚ್ಚಾದರೆ ಬೆಳಗಾಗುವವರೆಗೆ ಕಾಯಬೇಕು. ಹೀಗಿರುವಾಗ ಹತ್ತಿರದಲ್ಲಿ ಬೇರು, ಸೊಪ್ಪು ಅರೆದು ಕೊಡುವವರ ಮೇಲೆ ನಂಬಿಕೆ ಬೆಳೆಯದಿದ್ದರೆ ಅದೇ ಆಶ್ಚರ್ಯ.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ದಶಕಗಳ ಕನಸು ನನಸಾಯಿತು. ಸೇತುವೆ ದಾರಿಯನ್ನು ಕಡಿಮೆ ಮಾಡಿದೆ. ಆದರೆ, ‘ಇನ್ನೆರಡು ದಿನ ನೋಡೋಣ’ ಎಂದು ಮನೆಯಲ್ಲೇ ಕಳೆದುಹೋಗುವ ಸಮಯವನ್ನು ಕಡಿಮೆ ಮಾಡುವ ಕೆಲಸ ಇನ್ನೂ ನಮ್ಮ ಕೈಯಲ್ಲೇ ಇದೆ.

ಇದರ ಜೊತೆಗೆ ಹೊಸದೊಂದು ಗೊಂದಲವೂ ಸೇರಿಕೊಂಡಿದೆ. ಇತ್ತೀಚಿನ ವರ್ಷಗಳಲ್ಲಿ ‘ಪ್ರಕೃತಿ ಚಿಕಿತ್ಸೆ’, ‘ನ್ಯಾಚುರೋಪಥಿ’, ‘ನ್ಯಾಚುರಲ್ ಹೆಲ್ತ್’ ಎಂಬ ಫಲಕಗಳು ಸಣ್ಣ ಪೇಟೆಗಳಲ್ಲೂ ಕಾಣಸಿಗುತ್ತವೆ. ಮೊಬೈಲಿನಲ್ಲಿ ದಿನಕ್ಕೊಂದು ಜ್ಯೂಸಿನ ಮಹಿಮೆ ಬರುತ್ತದೆ. ಯಾರು ನಿಜವಾದ ಪ್ರಕೃತಿ ಚಿಕಿತ್ಸಕರು? ಅವರು ಏನು ಕಲಿತಿರುತ್ತಾರೆ? ಅವರ ಬಳಿ ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು? ಇವುಗಳನ್ನು ತಿಳಿದುಕೊಳ್ಳುವುದು ಪ್ರತಿ ಕುಟುಂಬಕ್ಕೂ ಅಗತ್ಯ.

ಒಂದೇ ಹೆಸರು, ನಾಲ್ಕು ಪದ್ಧತಿಗಳು

ಇಂಗ್ಲಿಷ್ ಮದ್ದು ಅಲ್ಲದ್ದನ್ನೆಲ್ಲ ‘ನೈಸರ್ಗಿಕ ಚಿಕಿತ್ಸೆ’ ಎಂದು ಕರೆಯುವುದು ನಮ್ಮ ರೂಢಿ. ವಾಸ್ತವದಲ್ಲಿ ಇದರೊಳಗೆ ನಾಲ್ಕು ಬೇರೆ ಬೇರೆ ದಾರಿಗಳಿವೆ.

ಮೊದಲನೆಯದು ನಾಟಿ ವೈದ್ಯ. ಇದು ಮನೆತನದಿಂದ ಮನೆತನಕ್ಕೆ, ಗುರುವಿನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ ಬಂದದ್ದು. ಎರಡನೆಯದು ಆಯುರ್ವೇದ. ಇದಕ್ಕೆ ಗ್ರಂಥಗಳಿವೆ, ಕಾಲೇಜುಗಳಿವೆ, ಬಿ.ಎ.ಎಂ.ಎಸ್. ಎಂಬ ಪದವಿ ಇದೆ. ಮೂರನೆಯದು ಯುನಾನಿ. ಗ್ರೀಕರಿಂದ ಅರಬರಿಗೆ, ಅಲ್ಲಿಂದ ಇಬ್ನ್ ಸೀನಾರಂತಹ ಮಹಾನ್ ಹಕೀಮರ ಮೂಲಕ ಭಾರತಕ್ಕೆ ಬಂದ ಈ ಪದ್ಧತಿಗೆ ಬಿ.ಯು.ಎಂ.ಎಸ್. ಪದವಿ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೂ ಇದೆ.

ನಾಲ್ಕನೆಯದೇ ಪ್ರಕೃತಿ ಚಿಕಿತ್ಸೆ. ಮೇಲಿನ ಮೂರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಾಟಿ ವೈದ್ಯ, ಆಯುರ್ವೇದ, ಯುನಾನಿ ಈ ಮೂರರಲ್ಲೂ ಔಷಧಿ ಕೊಡುತ್ತಾರೆ. ಭಾರತದಲ್ಲಿ ಬೆಳೆದುಬಂದ ಪ್ರಕೃತಿ ಚಿಕಿತ್ಸೆಯ ಮೂಲತತ್ವವೇ ಔಷಧಿ ಇಲ್ಲದ ಚಿಕಿತ್ಸೆ. ಆಹಾರ, ಉಪವಾಸ, ನೀರು, ಮಣ್ಣು, ಬಿಸಿಲು, ಗಾಳಿ, ಅಂಗಮರ್ದನ, ಯೋಗಾಸನ ಇವೇ ಅದರ ಸಾಧನಗಳು. ಆದ್ದರಿಂದ ‘ಪ್ರಕೃತಿ ಚಿಕಿತ್ಸೆ’ ಎಂಬ ಫಲಕದ ಕೆಳಗೆ ಕುಳಿತು ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಪೊಟ್ಟಣ ಕಟ್ಟಿ ಕೊಡುವವರನ್ನು ಕಂಡರೆ ಅಲ್ಲೇ ಮೊದಲ ಪ್ರಶ್ನೆ ಏಳಬೇಕು.

ಎಲ್ಲಿಂದ ಬಂತು?

ನೀರಿನ ಚಿಕಿತ್ಸೆ, ಮಣ್ಣಿನ ಪಟ್ಟಿಗಳು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಬಹಳ ಜನಪ್ರಿಯವಾದವು. ಸೆಬಾಸ್ಟಿಯನ್ ನೈಪ್, ಲೂಯಿ ಕೂನೆ, ಅಡಾಲ್ಫ್ ಜಸ್ಟ್ ಮುಂತಾದವರು ಇದರ ಪ್ರಚಾರಕರು. ಇವರ ಪೈಕಿ ಕೂನೆ ಮತ್ತು ಜಸ್ಟ್ ಅವರ ಬರಹಗಳನ್ನು ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಓದಿ, ತಮ್ಮ ಮೇಲೂ ಮನೆಯವರ ಮೇಲೂ ಪ್ರಯೋಗಿಸಿದರು. ಬಡವರಿಗೆ ಖರ್ಚಿಲ್ಲದ ಚಿಕಿತ್ಸೆ ಸಿಗಬೇಕು ಎಂಬುದು ಅವರ ಹಂಬಲವಾಗಿತ್ತು. 1946ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಅವರು ಆರಂಭಿಸಿದ ಪ್ರಕೃತಿ ಚಿಕಿತ್ಸಾ ಆಶ್ರಮ ಪ್ರಸಿದ್ಧವಾಗಿದೆ. ಪುಣೆಯಲ್ಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ 1986ರಲ್ಲಿ ಆರಂಭವಾಯಿತು. ಪ್ರತಿವರ್ಷ ನವೆಂಬರ್ 18ನ್ನು ಪ್ರಕೃತಿ ಚಿಕಿತ್ಸಾ ದಿನವಾಗಿ ಆಚರಿಸಲಾಗುತ್ತದೆ.

ಇದನ್ನು ವ್ಯವಸ್ಥಿತ ಶಿಕ್ಷಣವಾಗಿ ಬೆಳೆಸಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1989ರಲ್ಲಿ ಉಜಿರೆಯಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಕಾಲೇಜು ದೇಶದ ಮೊದಲ ಪದವಿ ಕಾಲೇಜುಗಳಲ್ಲಿ ಒಂದು. ಮೂಡುಬಿದಿರೆಯಲ್ಲಿ ಆಳ್ವಾಸ್ ಕಾಲೇಜು, ಮೈಸೂರಿನಲ್ಲಿ ಸರ್ಕಾರಿ ಕಾಲೇಜು ಇವೆ. ಧರ್ಮಸ್ಥಳದ ಶಾಂತಿವನ, ಉಡುಪಿ ಬಳಿ ಪರೀಕದ ಸೌಖ್ಯವನಗಳಲ್ಲಿ ಒಳರೋಗಿಗಳಾಗಿ ಉಳಿದು ಚಿಕಿತ್ಸೆ ಪಡೆಯುವ ವ್ಯವಸ್ಥೆ ಇದೆ. ಬ್ಯಾಕೋಡಿನವರಿಗೆ ಕೊಲ್ಲೂರಿನ ಕಡೆಯಿಂದ ಘಟ್ಟ ಇಳಿದರೆ ಕರಾವಳಿಯ ಈ ಕೇಂದ್ರಗಳು ತೀರಾ ದೂರದವೇನಲ್ಲ.

ಯಾವುದಕ್ಕೆ ಒಳ್ಳೆಯದು?

ಮೈತೂಕ ಹೆಚ್ಚಾಗಿರುವುದು, ಆರಂಭದ ಹಂತದ ರಕ್ತದೊತ್ತಡ, ಮಲಬದ್ಧತೆ, ಗ್ಯಾಸ್ಟ್ರಿಕ್, ಬೆನ್ನುನೋವು, ಮಂಡಿನೋವು, ನಿದ್ರಾಹೀನತೆ, ಮನಸ್ಸಿನ ಒತ್ತಡ - ಇವು ನಮ್ಮ ಜೀವನಕ್ರಮಕ್ಕೆ ಬಹಳಷ್ಟು ಅಂಟಿಕೊಂಡ ತೊಂದರೆಗಳು. ಎಣ್ಣೆ, ಉಪ್ಪು, ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚಿಸಿ, ಹೊತ್ತಿಗೆ ಸರಿಯಾಗಿ ಉಂಡು, ನಡೆದು, ಮಲಗಿದರೆ ಇವುಗಳಲ್ಲಿ ಹೆಚ್ಚಿನವು ಹತೋಟಿಗೆ ಬರುತ್ತವೆ. ಇದನ್ನು ಯಾವ ಎಂ.ಬಿ.ಬಿ.ಎಸ್. ವೈದ್ಯರೂ ಅಲ್ಲಗಳೆಯುವುದಿಲ್ಲ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅವರಿಗೆ ಇದನ್ನೆಲ್ಲ ವಿವರಿಸಲು ಸಮಯ ಸಿಗುವುದಿಲ್ಲ. ಒಳ್ಳೆಯ ಪ್ರಕೃತಿ ಚಿಕಿತ್ಸಕರು ಅರ್ಧ ಗಂಟೆ ಕೂರಿಸಿಕೊಂಡು, ನೀವು ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತೀರಿ, ಮನಸ್ಸಿಗೆ ಏನು ನೋವಿದೆ ಎಂದು ಕೇಳುತ್ತಾರೆ. ಅವರ ನಿಜವಾದ ಶಕ್ತಿ ಇರುವುದು ಇಲ್ಲಿ.

ಕ್ಯಾನ್ಸರ್, ಕ್ಷಯ, ಮೂತ್ರಪಿಂಡ ವೈಫಲ್ಯ, ಇನ್ಸುಲಿನ್ ಬೇಕಾದ ಮಧುಮೇಹ, ಎದೆನೋವು, ಪಾರ್ಶ್ವವಾಯು, ಗರ್ಭಿಣಿಯರ ರಕ್ತಸ್ರಾವ, ಹಾವಿನ ಕಡಿತ, ನಾಯಿ ಕಡಿತ - ಇವು ಪ್ರಕೃತಿ ಚಿಕಿತ್ಸೆಯಿಂದ ವಾಸಿಯಾಗುವುವಲ್ಲ. ಕ್ಯಾನ್ಸರ್ ರೋಗಿಯ ಬಳಲಿಕೆ, ಆತಂಕವನ್ನು ಕಡಿಮೆ ಮಾಡಲು ಯೋಗ, ಉಸಿರಾಟದ ಅಭ್ಯಾಸಗಳು ನೆರವಾಗಬಹುದು. ಆದರೆ ಗಡ್ಡೆಗೆ ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು. ನೆರವಿನ ಚಿಕಿತ್ಸೆಗೂ ಮೂಲ ಚಿಕಿತ್ಸೆಗೂ ಇರುವ ಈ ಗೆರೆಯನ್ನು ಗುರುತಿಸಿಕೊಂಡರೆ ಅರ್ಧ ಅಪಾಯ ತಪ್ಪಿದಂತೆ.

ಗುಣವಾಯಿತು ಎಂಬ ಮಾತಿನ ಹಿಂದೆ

‘ಇಂಥವರ ಮದ್ದಿನಿಂದ ಕಾಮಾಲೆ ಏಳು ದಿನದಲ್ಲಿ ಹೋಯಿತು’ ಎಂಬ ಮಾತನ್ನು ಮಲೆನಾಡಿನಲ್ಲಿ ಕೇಳದವರಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಾಮಾಲೆ ಒಂದು ಕಾಯಿಲೆಯ ಹೆಸರಲ್ಲ, ಅದೊಂದು ಲಕ್ಷಣ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್-ಎ ಹೆಚ್ಚಿನವರಲ್ಲಿ ವಿಶ್ರಾಂತಿ, ಪಥ್ಯದಿಂದ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಸಮಯದಲ್ಲಿ ಯಾರು ಕಿರುನೆಲ್ಲಿಯ ರಸ ಕೊಟ್ಟಿದ್ದರೋ ಅವರಿಗೆ ಕೀರ್ತಿ ಸಲ್ಲುತ್ತದೆ. ಅದೇ ಹಳದಿ ಬಣ್ಣ ಹೆಪಟೈಟಿಸ್-ಬಿ ಯಿಂದ, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲಿನಿಂದ, ಗಡ್ಡೆಯಿಂದ, ಗದ್ದೆ ಕೆಲಸದವರಿಗೆ ತಗಲುವ ಇಲಿ ಜ್ವರದಿಂದಲೂ ಬರಬಹುದು. ಇಲಿ ಜ್ವರಕ್ಕೆ ಬೇಗನೆ ಆಂಟಿಬಯಾಟಿಕ್ ಕೊಡದಿದ್ದರೆ ಮೂತ್ರಪಿಂಡ, ಶ್ವಾಸಕೋಶಗಳಿಗೆ ಪೆಟ್ಟು ಬೀಳುತ್ತದೆ. ಕಣ್ಣಿನ ಹಳದಿ ನೋಡಿ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಯಾರಿಗೂ ಸಾಧ್ಯವಿಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕೇ ಬೇಕು. ಗುಣವಾದವರು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಗುಣವಾಗದವರ ಕಥೆ ಅವರ ಮನೆಯೊಳಗೇ ಉಳಿದುಬಿಡುತ್ತದೆ.

ನಮ್ಮ ಸಾಗರ ತಾಲೂಕಿನ ಆನಂದಪುರ ಬಳಿಯ ನರಸೀಪುರಕ್ಕೆ ದೇಶದ ನಾನಾ ಭಾಗಗಳಿಂದ ಕ್ಯಾನ್ಸರ್ ಮುಂತಾದ ಕಾಯಿಲೆಗಳ ರೋಗಿಗಳು ಗಿಡಮೂಲಿಕೆ ಮದ್ದಿಗಾಗಿ ಬಂದು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಈ ಭಾಗದವರೆಲ್ಲ ನೋಡಿದ್ದಾರೆ. ಅಲ್ಲಿನ ಪ್ರಸಿದ್ಧ ನಾಟಿ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ನಿಧನರಾದರು. ಅಷ್ಟು ದೂರದಿಂದ ಬಂದ ಆ ಸಾಲುಗಳು ಕಾಯಿಲೆಗಿಂತ ಹೆಚ್ಚಾಗಿ ಜನರ ಅಸಹಾಯಕತೆಯನ್ನು ಹೇಳುತ್ತಿದ್ದವು. ದೊಡ್ಡ ಆಸ್ಪತ್ರೆಯ ಖರ್ಚಿನ ಭಯ, ಕೀಮೋಥೆರಪಿಯ ಭಯ, ‘ಇನ್ನು ಸಾಧ್ಯವಿಲ್ಲ’ ಎಂಬ ಮಾತಿನ ಭಯ. ಈ ಭಯವನ್ನು ಗೇಲಿ ಮಾಡುವುದು ತರವಲ್ಲ. ಆದರೆ ನಾಟಿ ಮದ್ದಿಗೆ ಹೋಗುವ ರೋಗಿಯೂ ಆಸ್ಪತ್ರೆಯ ಚಿಕಿತ್ಸೆಯನ್ನು ನಿಲ್ಲಿಸಬಾರದು, ಏನು ಸೇವಿಸುತ್ತಿದ್ದೇನೆ ಎಂಬುದನ್ನು ಕ್ಯಾನ್ಸರ್ ವೈದ್ಯರಿಂದ ಮುಚ್ಚಿಡಬಾರದು. ಆರಂಭದ ಹಂತದಲ್ಲಿ ಶಸ್ತ್ರಚಿಕಿತ್ಸೆಯಿಂದ ಹೋಗಬಹುದಾದ ಗಡ್ಡೆ, ಆರು ತಿಂಗಳು ಕಾದ ಮೇಲೆ ಕೈಮೀರಿ ಹೋಗಿರುತ್ತದೆ.

ನೈಸರ್ಗಿಕವೆಂದರೆ ನಿರಪಾಯವೇ?

‘ಸೊಪ್ಪು ತಾನೇ, ಒಳ್ಳೆಯದಾಗದಿದ್ದರೂ ಕೆಟ್ಟದ್ದೇನೂ ಆಗದು’ ಎನ್ನುವವರು ಬಹಳ. ಕಾಸರಕನ ಕಾಯಿಯೂ ಕಾಡಿನದ್ದೇ, ವಿಷದ ಅಣಬೆಯೂ ಕಾಡಿನದ್ದೇ. ನಮ್ಮ ಹಿತ್ತಲಿನ ಧಾರೆಹುಳಿಯನ್ನೇ ನೋಡಿ. ಆರೋಗ್ಯವಂತರು ಒಂದೆರಡು ಹೋಳು ತಿಂದರೆ ತೊಂದರೆಯಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ತಿಂದರೆ ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರದವರೆಗೆ ಹೋಗಬಹುದು. ಕೊಬ್ಬು ಇಳಿಸಲೆಂದು ಬಿಂಬುಳಿಯ ಗಟ್ಟಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಅದೇ ಬಿಂಬುಳಿಯನ್ನು ಸಾರಿಗೆ, ಉಪ್ಪಿನಕಾಯಿಗೆ ನಾವು ತಲೆಮಾರುಗಳಿಂದ ಬಳಸಿದ್ದೇವೆ. ಅಡುಗೆಗೆ ಬಳಸುವ ಪ್ರಮಾಣ ಬೇರೆ, ಮದ್ದೆಂದು ದಿನವೂ ಲೋಟಗಟ್ಟಲೆ ಕುಡಿಯುವುದು ಬೇರೆ. ಕೊರೋನಾ ಕಾಲದಲ್ಲಿ ಮನೆಮನೆಗಳಲ್ಲಿ ಅಮೃತಬಳ್ಳಿ ಕುದಿಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಈಗಾಗಲೇ ಯಕೃತ್ತಿನ ತೊಂದರೆ ಇರುವವರು ಯಾರನ್ನೂ ಕೇಳದೆ ಕಷಾಯ ಕುಡಿಯಬಾರದು ಎಂಬುದಂತೂ ಸ್ಪಷ್ಟ.

ಉಪವಾಸ ಚಿಕಿತ್ಸೆಯ ಮಾತೂ ಹೀಗೆಯೇ. ಮುಸ್ಲಿಮರಿಗೆ ಉಪವಾಸ ಹೊಸತಲ್ಲ. ಆದರೆ ರಮದಾನಿನ ಉಪವಾಸದಲ್ಲಿ ಸೂರ್ಯಾಸ್ತಕ್ಕೆ ಊಟವಿದೆ, ರೋಗಿಗಳಿಗೆ ವಿನಾಯಿತಿಯೂ ಇದೆ. ಚಿಕಿತ್ಸೆಯ ಉಪವಾಸದಲ್ಲಿ ಹಲವು ದಿನ ಬರೀ ಹಣ್ಣಿನ ರಸ ಅಥವಾ ಎಳನೀರಿನಲ್ಲಿ ಇರಿಸುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಮಾಡಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಬಹುದು. ಮೂತ್ರಪಿಂಡ ದುರ್ಬಲವಾದವರಿಗೆ ಎಳನೀರು, ಹಣ್ಣಿನ ರಸದಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ತರಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು ಇಂತಹ ಉಪವಾಸ ಮಾಡಲೇಬಾರದು. ತರಬೇತಿ ಪಡೆದ ವೈದ್ಯರು ಉಪವಾಸಕ್ಕೆ ಮುನ್ನ ರಕ್ತಪರೀಕ್ಷೆ ಮಾಡಿಸುತ್ತಾರೆ, ನಡುವೆ ದಿನವೂ ಪರೀಕ್ಷಿಸುತ್ತಾರೆ. ಏನೂ ಕೇಳದೆ ‘ಹತ್ತು ದಿನ ಜ್ಯೂಸ್ ಕುಡಿಯಿರಿ’ ಎನ್ನುವವರಿಂದ ದೂರವಿರಿ.

ಇನ್ನೊಂದು ಎಚ್ಚರಿಕೆ. ಮಂಡಿನೋವು, ಉಬ್ಬಸಕ್ಕೆ ಕೊಡುವ ಹೆಸರಿಲ್ಲದ ‘ಗಿಡಮೂಲಿಕೆ’ ಪುಡಿಗಳಿಗೆ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸುವ ವಂಚನೆ ಹೊಸದೇನಲ್ಲ. ವರ್ಷಗಳ ನೋವು ಎರಡೇ ದಿನದಲ್ಲಿ ಮಾಯವಾಗಿ, ತಿಂಗಳಲ್ಲಿ ಮುಖ ಊದಿಕೊಂಡರೆ, ಸಕ್ಕರೆ ಏರಿದರೆ ಅನುಮಾನಪಡಬೇಕು. ಅಂತಹ ಪುಡಿಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಬೇಕು.

ಹಿಜಾಮಾ ಮಾಡಿಸುವವರಿಗೆ

ನಮ್ಮ ಸಮುದಾಯದಲ್ಲಿ ಹಿಜಾಮಾದ ಬಗ್ಗೆ ಆಸಕ್ತಿ ಹೆಚ್ಚುತ್ತಿದೆ. ಪ್ರವಾದಿಚರ್ಯೆಯೊಂದಿಗೆ ಅದರ ಹೆಸರು ಸೇರಿರುವುದರಿಂದ ಜನ ಗೌರವದಿಂದಲೇ ಹೋಗುತ್ತಾರೆ. ಆ ಗೌರವವನ್ನು ಬಂಡವಾಳ ಮಾಡಿಕೊಂಡು ವಾರದ ತರಬೇತಿ ಮುಗಿಸಿ ಕಪ್ ಹಿಡಿದು ಊರೂರು ತಿರುಗುವವರೂ ಇದ್ದಾರೆ. ಹಿಜಾಮಾ ಯುನಾನಿ ಪದ್ಧತಿಯ ಒಂದು ಭಾಗ. ಆದ್ದರಿಂದ ಅದನ್ನು ಕಲಿತ ಬಿ.ಯು.ಎಂ.ಎಸ್. ವೈದ್ಯರ ಬಳಿ ಹೋಗುವುದು ಸರಿಯಾದ ದಾರಿ. ಸೌದಿ ಅರೇಬಿಯಾದಲ್ಲೂ ಪರವಾನಗಿ ಇಲ್ಲದೆ ಹಿಜಾಮಾ ಮಾಡುವಂತಿಲ್ಲ ಎಂಬುದನ್ನು ನೆನಪಿಡಬೇಕು.

ಚರ್ಮವನ್ನು ಗೀರಿ ರಕ್ತ ತೆಗೆಯುವುದರಿಂದ ಬ್ಲೇಡು, ಕಪ್ ಎರಡೂ ಹೊಸದಾಗಿರಬೇಕು, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆಯಬೇಕು. ಒಬ್ಬರಿಗೆ ಬಳಸಿದ್ದನ್ನು ತೊಳೆದು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್-ಬಿ, ಸಿ, ಎಚ್‌ಐವಿ ಹರಡಬಹುದು. ರಕ್ತಹೀನತೆ ಇರುವವರು, ರಕ್ತ ತೆಳುವಾಗುವ ಮಾತ್ರೆ ಸೇವಿಸುವವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳದೆ ಮಾಡಿಸಬಾರದು.

ಪದವಿ ಮತ್ತು ನೋಂದಣಿ: ನೋಡುವುದು ಹೇಗೆ?

ಪ್ರಕೃತಿ ಚಿಕಿತ್ಸಕರ ಪದವಿಯ ಹೆಸರು ಬಿ.ಎನ್.ವೈ.ಎಸ್. ವಿಜ್ಞಾನ ವಿಷಯದಲ್ಲಿ ಪಿ.ಯು.ಸಿ. ಮುಗಿಸಿದವರು ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಾರೆ. ಒಟ್ಟು ಐದೂವರೆ ವರ್ಷ. ದೇಹರಚನೆ, ರೋಗಶಾಸ್ತ್ರ ಮುಂತಾದ ವಿಷಯಗಳನ್ನೂ ಕಲಿಯುತ್ತಾರೆ. ರಾಜ್ಯದ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತವೆ. ಅಂಚೆ ಮೂಲಕ ಪಡೆದ ಡಿಪ್ಲೊಮಾ, ವಾರಾಂತ್ಯದ ಸರ್ಟಿಫಿಕೇಟ್, ‘ಎನ್.ಡಿ.’, ‘ಎಂ.ಡಿ. ಆಲ್ಟರ್ನೇಟಿವ್ ಮೆಡಿಸಿನ್’ ಎಂಬ ಅಕ್ಷರಗಳು ಇದಕ್ಕೆ ಸಮವಲ್ಲ.

ಇಲ್ಲಿ ತಿಳಿಯಬೇಕಾದ ಒಂದು ವಿಷಯವಿದೆ. ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳಿಗೆ 2020ರ ಕಾಯ್ದೆಯ ಮೂಲಕ ರಾಷ್ಟ್ರೀಯ ಆಯೋಗವಿದೆ. ಪ್ರಕೃತಿ ಚಿಕಿತ್ಸೆ ಈ ಆಯೋಗದ ವ್ಯಾಪ್ತಿಗೆ ಸೇರಿಲ್ಲ. ಹಾಗಾಗಿ ರಾಜ್ಯದ ನೋಂದಣಿಯೇ ಮುಖ್ಯ. ಅದೃಷ್ಟವಶಾತ್ ಕರ್ನಾಟಕದ 1961ರ ವೈದ್ಯರ ನೋಂದಣಿ ಕಾಯ್ದೆಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ಜೊತೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗವೂ ಸೇರಿವೆ. ನೋಂದಣಿ ಮಾಡುವುದು ಬೆಂಗಳೂರಿನಲ್ಲಿರುವ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿ. ವೈದ್ಯರನ್ನು ಅವರ ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು.

ಎರಡನೆಯದು ಕ್ಲಿನಿಕ್ಕಿನ ನೋಂದಣಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ, ಕೆ.ಪಿ.ಎಂ.ಇ. ಎಂದು ಕರೆಯುವ ಈ ನೋಂದಣಿ ಆಯುಷ್ ಚಿಕಿತ್ಸಾಲಯಗಳಿಗೂ ಕಡ್ಡಾಯ. ನೋಂದಣಿ ಸಂಖ್ಯೆ ಎದ್ದು ಕಾಣುವಂತೆ ಫಲಕದಲ್ಲಿರಬೇಕು. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಫಲಕ ಇರಬೇಕೆಂದು ಸರ್ಕಾರ 2024ರಲ್ಲಿ ಸೂಚಿಸಿತು. ಸಂಶಯ ಬಂದರೆ ತಾಲೂಕು ಆರೋಗ್ಯಾಧಿಕಾರಿ ಅಥವಾ ಜಿಲ್ಲಾ ಆಯುಷ್ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಬಹುದು.

ಪದವಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಯಾವ ಪದ್ಧತಿಯನ್ನು ಕಲಿತಿದ್ದಾರೋ ಅದನ್ನೇ ಮಾಡಬೇಕು. 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಹೋಮಿಯೋಪಥಿ ಕಲಿತ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧಿ ಕೊಟ್ಟಿದ್ದರು. ರೋಗಿ ಮೃತಪಟ್ಟರು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವವನು ಆ ಪದ್ಧತಿಯ ಮಟ್ಟಿಗೆ ನಕಲಿ ವೈದ್ಯನೇ ಎಂಬುದು ತೀರ್ಪಿನ ಸಾರಾಂಶ. 2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲೂ, ಮಾನ್ಯತೆ ಪಡೆದ ವಿದ್ಯಾರ್ಹತೆ ಇಲ್ಲದೆ ವೈದ್ಯವೃತ್ತಿ ನಡೆಸುವ ಹಕ್ಕಿಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಪ್ರಕೃತಿ ಚಿಕಿತ್ಸಕರು ಇಂಜೆಕ್ಷನ್ ಚುಚ್ಚುತ್ತಿದ್ದರೆ, ಆಂಟಿಬಯಾಟಿಕ್ ಬರೆದುಕೊಡುತ್ತಿದ್ದರೆ ಎಚ್ಚರಗೊಳ್ಳಿ.

ಜಾಹೀರಾತಿನ ವಿಷಯದಲ್ಲೂ ಕಾನೂನಿದೆ. ಕ್ಯಾನ್ಸರ್, ಮಧುಮೇಹ, ಅಪಸ್ಮಾರ, ಪಾರ್ಶ್ವವಾಯು, ರಕ್ತದೊತ್ತಡ, ಬಂಜೆತನ ಮುಂತಾದವುಗಳನ್ನು ಗುಣಪಡಿಸುವ ಔಷಧಿ ಎಂದು ಜಾಹೀರಾತು ನೀಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಎಂಬ ಕರಪತ್ರವೇ ಅವರು ಕಾನೂನನ್ನು ಲೆಕ್ಕಿಸುವುದಿಲ್ಲ ಎಂಬುದಕ್ಕೆ ಸಾಕ್ಷಿ.

ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ವೈದ್ಯರನ್ನು ಪ್ರಶ್ನಿಸುವುದು ಅಗೌರವ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರಿಗೆ ಸಂತೋಷವೇ ಆಗುತ್ತದೆ.

* ನೀವು ಎಲ್ಲಿ ಓದಿದ್ದು? ನಿಮ್ಮ ನೋಂದಣಿ ಸಂಖ್ಯೆ ಎಷ್ಟು?

* ನನ್ನ ಕಾಯಿಲೆ ಏನೆಂದು ಹೇಗೆ ಗೊತ್ತಾಯಿತು? ಪರೀಕ್ಷೆ ಬೇಕೇ? (ಬರೀ ನಾಡಿ ಅಥವಾ ಕಣ್ಣು ನೋಡಿ ಎಲ್ಲ ಕಾಯಿಲೆ ಹೇಳುವವರನ್ನು ನಂಬಬೇಡಿ.)

* ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಏನು ಮಾಡಲಿ? ಸರಿಯಾದ ಉತ್ತರ ಹೀಗಿರುತ್ತದೆ: ‘ಈಗಲೇ ಬಿಡಬೇಡಿ ಅಮ್ಮಾ. ಪಥ್ಯ ಮಾಡಿ, ತಿಂಗಳ ನಂತರ ರಕ್ತಪರೀಕ್ಷೆ ನೋಡೋಣ. ಮಾತ್ರೆ ಕಡಿಮೆ ಮಾಡುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು.’ ‘ಇವತ್ತೇ ಎಲ್ಲ ಬಿಸಾಡಿ’ ಎಂದರೆ ನೀವು ಎದ್ದು ಬರಬಹುದು.

* ಎಷ್ಟು ದಿನ, ಎಷ್ಟು ಖರ್ಚು? ಗುಣ ಕಾಣದಿದ್ದರೆ ಮುಂದೇನು?

* ಯಾವ ಲಕ್ಷಣ ಕಂಡರೆ ನಾನು ಆಸ್ಪತ್ರೆಗೆ ಹೋಗಬೇಕು?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ‘ಇದು ನನ್ನ ಕೈಯಲ್ಲಿ ಆಗುವುದಲ್ಲ, ತಡಮಾಡದೆ ಸಾಗರಕ್ಕೆ ಹೋಗಿ’ ಎಂದು ಹೇಳಬಲ್ಲವರೇ ನಿಜವಾದ ವೈದ್ಯರು. ತನ್ನ ಮಿತಿಯನ್ನು ಅರಿತಿರುವುದು ವೈದ್ಯನ ದೊಡ್ಡ ಅರ್ಹತೆ. ಎಲ್ಲ ಕಾಯಿಲೆಗೂ ತನ್ನಲ್ಲಿ ಮದ್ದಿದೆ ಎನ್ನುವವನಿಗೆ ಬಹುಶಃ ಯಾವ ಕಾಯಿಲೆಯೂ ಪೂರ್ತಿ ಗೊತ್ತಿರುವುದಿಲ್ಲ.

ಮಹಿಳೆಯರ ಬಗ್ಗೆ ಒಂದು ಮಾತು. ಅಂಗಮರ್ದನ, ಹಬೆಸ್ನಾನ, ಮಣ್ಣಿನ ಪಟ್ಟಿಗಳಲ್ಲಿ ಉಡುಪು ತೆಗೆಯಬೇಕಾಗುತ್ತದೆ. ಒಳ್ಳೆಯ ಕೇಂದ್ರಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ವಿಭಾಗ, ಮಹಿಳಾ ಚಿಕಿತ್ಸಕಿಯರು ಇರುತ್ತಾರೆ. ಮುಂಚಿತವಾಗಿ ವಿಚಾರಿಸಿಕೊಳ್ಳಿ. ಸಂಕೋಚದಿಂದ ಕಾಯಿಲೆ ಮುಚ್ಚಿಡುವುದು, ಸ್ತನದ ಗಂಟು ಅಥವಾ ಅತಿಯಾದ ರಕ್ತಸ್ರಾವಕ್ಕೆ ಗುಟ್ಟಾಗಿ ಯಾರದೋ ಮದ್ದು ತರಿಸಿ ಕುಡಿಯುವುದು ನಮ್ಮ ಮನೆಗಳಲ್ಲಿ ಈಗಲೂ ನಡೆಯುತ್ತಿದೆ. ಇವೆರಡಕ್ಕೂ ಮೊದಲು ಭೇಟಿ ಮಾಡಬೇಕಾದುದು ಸ್ತ್ರೀರೋಗ ತಜ್ಞರನ್ನು. ಮನೆಯ ಗಂಡಸರೂ ಅವರನ್ನು ಕರೆದೊಯ್ಯುವುದು ತಮ್ಮ ಜವಾಬ್ದಾರಿ ಎಂದು ತಿಳಿಯಬೇಕು.

ಕಾಯಬಾರದ ಹೊತ್ತು

ನಮ್ಮ ಭಾಗದಲ್ಲಿ ಜ್ವರವನ್ನು ಹಗುರವಾಗಿ ಕಾಣುವಂತಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. 2018ರ ಕೊನೆಯಲ್ಲಿ ನಮ್ಮದೇ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಣಿಸಿಕೊಂಡು ಹಲವು ಜೀವಗಳನ್ನು ಬಲಿ ತೆಗೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಉಣ್ಣೆ ಕಚ್ಚುವುದರಿಂದ ಬರುವ ಈ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ ಎಂಬುದು ನಿಜ. ‘ಹೇಗೂ ಮದ್ದಿಲ್ಲವಲ್ಲ, ಮನೆಯಲ್ಲೇ ಕಷಾಯ ಕುಡಿಯೋಣ’ ಎಂದು ಕೂರುವುದು ಮಾತ್ರ ತಪ್ಪು. ದೇಹದ ನೀರಿನ ಅಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ಗಮನಿಸುತ್ತಾ ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದೇ ಇಲ್ಲಿ ಚಿಕಿತ್ಸೆ. ಕಾಡಿಗೆ, ತೋಟಕ್ಕೆ ಹೋಗಿಬಂದವರಿಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಹಾವು ಕಚ್ಚಿದಾಗ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಸೊಪ್ಪಿನ ರಸ ಹಿಂಡುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೊರಡಬೇಕು. ಎದೆನೋವು, ಮುಖ ವಕ್ರವಾಗುವುದು, ಮಾತು ತೊದಲುವುದು, ಉಸಿರುಗಟ್ಟುವುದು, ಮಗು ಹಾಲು ಬಿಟ್ಟು ಮಂ­ಕಾಗುವುದು - ಇವು ಗಂಟೆಗಳ ಲೆಕ್ಕದವು. ಏನು ಮಾಡಬೇಕೆಂದು ತೋಚದಿದ್ದರೆ 104 ಆರೋಗ್ಯ ಸಹಾಯವಾಣಿಯಲ್ಲಿ ಕೇಳಬಹುದು.

ಹೊಣೆ ಯಾರದು?

ವೈದ್ಯವನ್ನು ಅರಿಯದೆ ಚಿಕಿತ್ಸೆ ನೀಡಿದವನು ಅದರಿಂದಾಗುವ ಹಾನಿಗೆ ಹೊಣೆಗಾರನಾಗುತ್ತಾನೆ ಎಂಬ ಬೋಧನೆ ಪ್ರವಾದಿ ವಚನಗಳಲ್ಲಿದೆ. ಆಧುನಿಕ ಕಾನೂನು ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಚಿಕಿತ್ಸೆ ಕೊಡುವವರ ಹೊಣೆ ಅದು. ಆರಿಸಿಕೊಳ್ಳುವ ನಮಗೂ ಒಂದು ಹೊಣೆಯಿದೆ. ಮಗಳ ಮದುವೆಗೆ ಹುಡುಗನ ಬಗ್ಗೆ ಹತ್ತು ಕಡೆ ವಿಚಾರಿಸುತ್ತೇವೆ, ಜಾಗ ಕೊಳ್ಳುವಾಗ ಪಹಣಿ, ನಕ್ಷೆಗಳನ್ನು ತೆಗೆಸಿ ನೋಡುತ್ತೇವೆ. ದೇಹವನ್ನು ಒಪ್ಪಿಸುವಾಗ ಮಾತ್ರ ‘ಯಾರೋ ಹೇಳಿದರು’ ಎಂಬುದೇ ಸಾಕಾಗುತ್ತದೆ.

ಅಜ್ಜಿಯ ಕಷಾಯ ಇರಲಿ, ತಂಬುಳಿಯೂ ಇರಲಿ. ಮೈತೂಕ ಇಳಿಸಲು, ಬೆನ್ನುನೋವು ತಗ್ಗಿಸಲು, ಬದುಕನ್ನು ಸ್ವಲ್ಪ ನಿಧಾನಗೊಳಿಸಲು ಅರ್ಹ ಪ್ರಕೃತಿ ಚಿಕಿತ್ಸಕರ ಬಳಿ ಖಂಡಿತ ಹೋಗಿ. ಹೋಗುವಾಗ ಹಳೆಯ ರಿಪೋರ್ಟುಗಳನ್ನು, ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ಚೀಲದಲ್ಲಿಟ್ಟುಕೊಳ್ಳಿ, ಜೊತೆಗೆ ಮೇಲಿನ ಐದು ಪ್ರಶ್ನೆಗಳನ್ನೂ ಮರೆಯಬೇಡಿ. ಅವುಗಳಿಗೆ ನೇರವಾಗಿ ಉತ್ತರಿಸುವವರು ಸಿಕ್ಕರೆ, ನಿಮಗೆ ಒಳ್ಳೆಯ ವೈದ್ಯರು ಸಿಕ್ಕರೆಂದೇ ತಿಳಿಯಿರಿ.